ಕಾಫಿ ತೋಟದ ಕಾಡುಮರಗಳನ್ನು ಉಳಿಸಿಕೊಳ್ಳುವ ಬಗೆ

ಕೊಡಗಾಗಲಿ ಚಿಕ್ಕಮಗಳೂರಾಗಲಿ, ಸಲಹೆ ಕೇಳಿ ಕರೆದ ಕಾಫಿ ತೋಟದಲ್ಲಿ ಮೊದಲು ತಲೆಯೆತ್ತಿ ಮರ ನೋಡುತ್ತೇನೆ. ಗಿಡದ ಮಾತು ಆಮೇಲೆ. ಅರೇಬಿಕಾ ಜಾತಿಯ ಕಾಫಿ ಗಿಡದ ಪರಮ ಶತ್ರು ಬಿಳಿ ಕಾಂಡಕೊರಕ ಬಿಸಿಲು ಬಯಸುವ ಕೀಟ; ಮರದ ನೆರಳಿದ್ದಲ್ಲಿ ಅದರ ಕಾಟ ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿಗಳು ಹೊರಬಂದು ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತವೆ. ಹುಳು ಕೊರೆದಂತೆಲ್ಲ ಕಾಂಡದ ಸುತ್ತ ಬಳೆ ತೊಡಿಸಿದಂತೆ ಉಬ್ಬು ಏಳುತ್ತದೆ, ಎಲೆ ಹಳದಿಯಾಗುತ್ತದೆ. ಅಂಥ ಗಿಡವನ್ನು ಕೊಯ್ದು ನೋಡಿದರೆ ಒಳಗೆಲ್ಲ ಪುಡಿ ತುಂಬಿದ ಸುರಂಗ.

ಹಾಗೆಂದು ಮರಗಳನ್ನು ಬೆಳೆದಂತೆ ಬಿಟ್ಟರೂ ಆಗದು. ಮುಂಗಾರಿನಲ್ಲಿ ಗಾಳಿ, ಬೆಳಕು ಆಡದ ತೋಟಕ್ಕೆ ಕೊಳೆರೋಗ ಅಂಟಿ ಎಲೆ, ಕಾಯಿ ಕಪ್ಪಾಗುತ್ತವೆ. ಅದಕ್ಕೇ ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವ ಕೆಲಸ. ಮಳೆ ಹಿಡಿಯುವ ಮೊದಲು ಕೆಳಹಂತದ ನೆರಳುಮರವಾದ ಹಾಲುವಾಣವನ್ನು ಸವರಬೇಕು; ಬೇಸಿಗೆಯ ಹೊತ್ತಿಗೆ ಅದು ಚಿಗುರಿ ನೆರಳಾಗುತ್ತದೆ. ಮೇಲಿನ ಹಂತದ ಅತ್ತಿ, ಬಸರಿ, ಹಲಸು, ನಂದಿಗಳಲ್ಲಿ ತಗ್ಗಿನ ಕೊಂಬೆಗಳನ್ನಷ್ಟೇ ತೆಗೆದು ನೆರಳನ್ನು ಎತ್ತರಕ್ಕೇರಿಸಬೇಕು. ಕಸುಬು ಬಲ್ಲವನು ಮೊದಲು ಕೊಂಬೆಯ ಅಡಿಯಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿಯುತ್ತಾನೆ. ಇಲ್ಲವಾದರೆ ಬೀಳುವ ಕೊಂಬೆ ತೊಗಟೆಯನ್ನೂ ಸೀಳಿಕೊಂಡು ಹೋಗಿ, ಆ ಗಾಯದಲ್ಲಿ ಮರ ಕೊಳೆಯತೊಡಗುತ್ತದೆ. ಇಂಥವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಎಂದು ಬೆಳೆಗಾರರಿಗೆ ಹೇಳುತ್ತಲೇ ಇರುತ್ತೇನೆ.

ಈಗ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕುವ ಆತುರ ಹೆಚ್ಚು. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯಲು ಅನುಮತಿಯ ತೊಡಕೂ ಕಡಿಮೆ. ಬೆಳೆಗಾರರ ಈ ಲೆಕ್ಕ ನನಗೆ ಅರ್ಥವಾಗುತ್ತದೆ. ಕಾಪಾಡಿದ ಬೀಟೆಯಿಂದ ಕಚೇರಿ ಅಲೆಯುವ ಕಷ್ಟವಷ್ಟೇ ಸಿಗುವುದಾದರೆ ಅದನ್ನು ಯಾರು ತಾನೇ ಸಾಕಿಯಾರು? ಸರ್ಕಾರ ಇದಕ್ಕೆ ಉತ್ತರ ಕೊಡಲೇಬೇಕು.

ಆದರೂ ಸಿಲ್ವರ್ ಒಂದನ್ನೇ ನಂಬಿದ ತೋಟ ಕಳೆದುಕೊಳ್ಳುವುದು ಬಹಳ. ಅದರ ತರಗೆಲೆ ಮಣ್ಣಾಗುವುದು ನಿಧಾನ. ಹಾಲುವಾಣದ ಸೊಪ್ಪು ಬೇಗ ಕೊಳೆತು ಮಣ್ಣಿಗೆ ಸಾರಜನಕ ಕೊಡುತ್ತದೆ. ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾದಲ್ಲಿ ಒಂದು ಗಿಡದ ಹೂವು ಕಾಯಿಕಟ್ಟಲು ಇನ್ನೊಂದು ಗಿಡದ ಪರಾಗ ಬೇಕೇ ಬೇಕು. ಕಾಫಿ ಹೂ ಅರಳಿಸುವ ಹೂಮಳೆಯ ನಂತರ ಆ ಕೆಲಸಕ್ಕೆ ಬರುವ ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಹಳೆಯ ಮರಗಳಲ್ಲಿ. ಅತ್ತಿ, ಬಸರಿ ಹಣ್ಣಾದಾಗ ಮಂಗಟ್ಟೆಗಳು ಕಾಡಿನಿಂದ ತೋಟಕ್ಕೆ ಬಂದು ಹೋಗುತ್ತವೆ. ಕೊಡಗಿನ ಇಂಥ ಇಳಿಜಾರುಗಳಲ್ಲಿ ತರಗೆಲೆಯಡಿ ಇಂಗಿದ ನೀರೇ ಕಾವೇರಿಯನ್ನು ಸೇರುತ್ತದೆ.

ಸಿಲ್ವರ್ ಬೇಕೇ ಬೇಕು ಎನ್ನುವವರು ಬೇಲಿಯಂಚಿನಲ್ಲಿ ಹಾಕಿಕೊಳ್ಳಲಿ. ಒಳಗೆ ಮುದಿಮರವೊಂದು ಉರುಳಿದರೆ ಆ ಜಾಗಕ್ಕೆ ಅದೇ ಮಳೆಗಾಲದಲ್ಲಿ ಹಲಸು ಅಥವಾ ಬಸರಿಯ ಸಸಿ ನೆಟ್ಟುಬಿಡಿ. ತಡಮಾಡಿದರೆ ಅಷ್ಟಗಲ ಬಿಸಿಲಿಗೆ ಕಾಂಡಕೊರಕ ಬಂದೇ ಬರುತ್ತದೆ.