ಸ್ಪೀಕರ್ ವೈರಿಗೆ ಸಾವಿರಾರು ರೂಪಾಯಿ ಸುರಿಯಬೇಕಾ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಹೊಸ ಆಂಪ್ಲಿಫೈಯರ್, ಜೋಡಿ ಸ್ಪೀಕರ್ ತಂದಿದ್ದೇನೆ. ಮೀಟರಿಗೆ ಮೂರು ಸಾವಿರದ ಕೇಬಲ್ ಹಾಕಿದರೆ ಹಾಡು ಬೇರೆಯೇ ಕೇಳುತ್ತೆ ಅಂತ ಅಂಗಡಿಯವರು ಹೇಳಿದರು. ನಿಜವಾ?

ಉತ್ತರ: ಆ ದುಡ್ಡು ಜೇಬಲ್ಲೇ ಇರಲಿ. ಮುಂದಿನ ಸಲ ಶಿವಮೊಗ್ಗಕ್ಕೆ ಬಂದಾಗ ಯಾವುದಾದರೂ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 2.5 ಚದರ ಮಿಲಿಮೀಟರಿನ, ಸಣ್ಣ ಸಣ್ಣ ಎಳೆಗಳಿರುವ ತಾಮ್ರದ ವೈರ್ ಕೇಳಿ. ಅದೇ ಸಾಕು.

ಸ್ಪೀಕರ್ ವೈರಿನಲ್ಲಿ ನೋಡಬೇಕಾದ್ದು ಮುಖ್ಯವಾಗಿ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯೋದಕ್ಕೆ ಬರುವ ತಡೆ; ಅದನ್ನು ಓಮಿನಲ್ಲಿ ಅಳೆಯುತ್ತಾರೆ. ಅದು ವೈರಿನ ಉದ್ದ ಮತ್ತು ದಪ್ಪದ ಮೇಲೆ ನಿಂತಿದೆ, ಬೆಲೆಯ ಮೇಲಲ್ಲ. ಸ್ಪೀಕರ್ 5 ಮೀಟರ್ ದೂರ ಇದ್ದರೆ ಹೋಗಿ ಬರೋದು ಸೇರಿ 10 ಮೀಟರ್ ತಾಮ್ರ. 2.5ರ ವೈರಲ್ಲಿ ಅದು ಸುಮಾರು 0.07 ಓಮ್. ಸ್ಪೀಕರ್ 8 ಓಮಿನದಾದರೆ ಇದು ಅದರ ಶೇ. 1ಕ್ಕಿಂತ ಕಡಿಮೆ. ಶೇ. 5 ದಾಟದಿದ್ದರೆ ಚಿಂತೆ ಇಲ್ಲ ಅನ್ನೋದು ರೂಢಿಯ ಲೆಕ್ಕ. ಅದೇ ದೂರಕ್ಕೆ 0.5ರ ಬಡಕಲು ವೈರ್ ಎಳೆದು 4 ಓಮಿನ ಸ್ಪೀಕರ್ ಹಾಕಿದರೆ ಶೇ. 8 ದಾಟುತ್ತದೆ. ಸ್ಪೀಕರಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರೋದಿಲ್ಲ, ಏರುತ್ತೆ, ಇಳಿಯುತ್ತೆ. ಹಾಗಾಗಿ ತೆಳು ವೈರಲ್ಲಿ ಕೆಲವು ಸ್ವರ ಜಾಸ್ತಿ ಕುಗ್ಗಿ, ಕೆಲವು ಕಮ್ಮಿ ಕುಗ್ಗುತ್ತವೆ. ವೈರ್ ಬದಲಿಸಿದ್ದಕ್ಕೆ ಧ್ವನಿ ಬದಲಾಯ್ತು ಅನ್ನುವವರ ಮಾತಲ್ಲಿ ಇಷ್ಟು ಮಾತ್ರ ನಿಜ.

'ಆಕ್ಸಿಜನ್ ಇಲ್ಲದ ತಾಮ್ರ' ಅಂತ ಹೇಳಿ ಬೆಲೆ ಏರಿಸುತ್ತಾರೆ. ಮಾಮೂಲಿ ವೈರಿನ ತಾಮ್ರಕ್ಕೂ ಅದಕ್ಕೂ ಕರೆಂಟ್ ಹರಿಸುವುದರಲ್ಲಿ ಶೇ. 1ರಷ್ಟು ವ್ಯತ್ಯಾಸ ಇದ್ದರೆ ಹೆಚ್ಚು. ಬೆಳ್ಳಿ ಕೂಡ ತಾಮ್ರಕ್ಕಿಂತ ಶೇ. 6ರಷ್ಟೇ ಮೇಲು. ಮೋಸ ಇರೋದು ಅಗ್ಗದ ಕಡೆ: ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ವೈರ್. ಒಂದು ಎಳೆಯನ್ನು ಬ್ಲೇಡಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಿದ್ದರೆ ಅದು ತವರ ಲೇಪದ ತಾಮ್ರ, ಧೈರ್ಯವಾಗಿ ತಗೊಳ್ಳಿ.

ನಮ್ಮ ಕಡೆ ವೈರಿಗಿಂತ ಅದರ ತುದಿಯೇ ಹೆಚ್ಚು ಕಾಟ ಕೊಡೋದು. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರಲ್ಲಿ ತಾಮ್ರ ಸುಮ್ನೆ ಇರುತ್ತಾ? ಕಪ್ಪಾಗುತ್ತೆ, ಆಮೇಲೆ ಹಸಿರು ಕಿಲುಬು ಹಿಡಿಯುತ್ತೆ. ಒಂದು ಸ್ಪೀಕರ್ ಕರಕರ ಅನ್ನುತ್ತೆ, ಇಲ್ಲ ಆಗಾಗ ಬಾಯಿ ಮುಚ್ಚುತ್ತೆ. ಮಳೆ ಮುಗಿದ ಮೇಲೆ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಹುರಿ ಮಾಡಿ ಬಿಗಿಯಾಗಿ ಸಿಕ್ಕಿಸಿ. ಹಾಗೇ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಇದೆಯಾ ನೋಡಿ. ಒಂದೇ ಸ್ಪೀಕರಲ್ಲಿ ಅದಲು ಬದಲಾದರೆ ತಬಲಾದ ಡಗ್ಗಾ ಸೊರಗುತ್ತದೆ, ಹಾಡುವವರು ನಡುವೆ ನಿಲ್ಲದೆ ಎಲ್ಲೋ ಚೆಲ್ಲಿದಂತೆ ಕೇಳುತ್ತಾರೆ. ಹೀಗಾದಾಗ ದುಬಾರಿ ಕೇಬಲ್ ತಂದು, ಜೋಡಿಸುವಾಗ ಅಕಸ್ಮಾತ್ ಸರಿಯಾಗಿ ಜೋಡಿಸಿ, ಕೇಬಲನ್ನು ಹೊಗಳುವವರೂ ಇದ್ದಾರೆ!

ಆಂಪ್ಲಿಫೈಯರಿಗೆ ಪ್ಲೇಯರಿಂದ ಬರುವ ಪಿನ್ ಕೇಬಲಿಗೂ ಇದೇ ಮಾತು. ಗಟ್ಟಿ ಪಿನ್ನು, ಒಳ್ಳೆ ಶೀಲ್ಡ್ (ಹೊರಗಿನ ಗುಂಯ್ ಸದ್ದು ತಡೆಯುವ ಲೋಹದ ಹೊದಿಕೆ) ಇದ್ದರೆ ಆಯಿತು. ಹಳೇ ಗ್ರಾಮಫೋನ್ ತಟ್ಟೆ ಹಾಕುವ ಟರ್ನ್‌ಟೇಬಲ್ ಇದ್ದರೆ ಮಾತ್ರ ಸ್ವಲ್ಪ ಬೇರೆ. ಅದರ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ (ಮುಳ್ಳಿನ ಅದುರಾಟವನ್ನು ಕರೆಂಟ್ ಮಾಡುವ ಪುಟ್ಟ ಭಾಗ) ಕೇಬಲಿನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ, ಕೇಬಲ್ ಉದ್ದವಾದಷ್ಟೂ ಹೆಚ್ಚು) ಲೆಕ್ಕಕ್ಕೆ ಬರುತ್ತದೆ, ಮೇಲಿನ ಸ್ವರಗಳು ಬದಲಾಗುತ್ತವೆ. ಅದಕ್ಕೂ ಬೇಕಾದ್ದು ಗಿಡ್ಡ ಕೇಬಲ್, ದುಬಾರಿ ಕೇಬಲ್ ಅಲ್ಲ.

ಇನ್ನೂ ಅನುಮಾನವಾ? ಅಂಗಡಿಯವರಿಂದ ಆ ಕೇಬಲನ್ನು ಎರಡು ದಿನಕ್ಕೆ ಕೇಳಿ ತನ್ನಿ. ವಾಲ್ಯೂಮ್ ಮುಟ್ಟಬೇಡಿ, ಯಾಕೆಂದರೆ ಸ್ವಲ್ಪ ಜೋರಾಗಿದ್ದದ್ದೇ ಕಿವಿಗೆ ಚಂದ. ಮನೆಯವರೊಬ್ಬರು ನಿಮಗೆ ಕಾಣದಂತೆ ಬದಲಿಸುತ್ತಾ, ಕೆಲವು ಸಲ ಬದಲಿಸದೆಯೂ, ಚೀಟಿಯಲ್ಲಿ ಬರೆದಿಡಲಿ. ಹತ್ತು ಹದಿನೈದು ಸಲ ಕೇಳಿ, ಯಾವುದು ಯಾವುದು ಅಂತ ನೀವೂ ಬರೆಯಿರಿ. ಆಮೇಲೆ ಎರಡೂ ಚೀಟಿ ತಾಳೆ ನೋಡಿ.

ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ, ಕೆಂಪು ಗಾರೆ ನೆಲದ ಖಾಲಿ ಹಜಾರಕ್ಕೆ ಒಂದು ದಪ್ಪ ಜಮಖಾನೆ, ಕಿಟಕಿಗೆ ಭಾರದ ಪರದೆ ತನ್ನಿ. ಆ ವ್ಯತ್ಯಾಸ ಹೇಳೋಕೆ ಚೀಟಿ ಬೇಕಾಗಲ್ಲ.