ಬೆಂಗಳೂರಿನ ಫ್ಲ್ಯಾಟು, ಡಲ್ಲಾಸಿನ ಮನೆ: ಗೃಹಸಾಲದ ಲೆಕ್ಕ ತಪ್ಪುವುದೆಲ್ಲಿ?

ಗೃಹಸಾಲ ಬೇಕೆಂದು ಬರುವವರ ಮೊದಲ ಪ್ರಶ್ನೆ ‘ನನಗೆ ಎಷ್ಟು ಸಿಗುತ್ತದೆ?’ ಎಂಬುದೇ. ಬ್ಯಾಂಕು ಇದಕ್ಕೆ ಎರಡು ಲೆಕ್ಕ ಹಾಕುತ್ತದೆ. ನಿಮ್ಮ ಸಂಬಳ ಎಷ್ಟು ಕಂತು ತಡೆದೀತು ಎಂಬುದು ಒಂದು, ಕೊಳ್ಳುವ ಮನೆಯ ಬೆಲೆಗೆ ಎಷ್ಟು ಸಾಲ ಕೊಡಬಹುದು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ನಿಮಗೆ. ‘ಅಮೆರಿಕದಲ್ಲಿರುವ ತಮ್ಮನಿಗೆ ಅಷ್ಟು ದೊಡ್ಡ ಮನೆಗೆ ಸಾಲ ಸಿಕ್ಕಿತು, ನನಗೇಕೆ ಇಷ್ಟೇ?’ ಎಂಬ ಪ್ರಶ್ನೆಯೂ ಆಗಾಗ ಬರುತ್ತದೆ. ಅದಕ್ಕೆ ಉತ್ತರ ಕೊಡುವ ಮೊದಲು ನಮ್ಮಲ್ಲಿನ ಲೆಕ್ಕ ನೋಡೋಣ.

ಕೈಗೆ ಬರುವ ಸಂಬಳ ತಿಂಗಳಿಗೆ 1,20,000 ರೂ. ಎಂದಿಟ್ಟುಕೊಳ್ಳಿ. ಇದರಲ್ಲಿ ಎಲ್ಲ ಸಾಲಗಳ ಕಂತಿಗೆ ಎಷ್ಟು ಹೋಗಬಹುದು ಎಂಬ ಮಿತಿಯನ್ನು ಆಯಾ ಬ್ಯಾಂಕೇ ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಅದು ಶೇ 40ರಿಂದ 60. ಶೇ 50 ಅಂದರೆ 60,000 ರೂ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಲಕ್ಷಕ್ಕೆ 868 ರೂ. ಕಂತು ಬೀಳುತ್ತದೆ. 60,000ವನ್ನು 868ರಿಂದ ಭಾಗಿಸಿದರೆ ಸುಮಾರು 69 ಲಕ್ಷ. ಈಗ ಅದೇ ವ್ಯಕ್ತಿಗೆ 14,000 ರೂ.ಗಳ ಕಾರಿನ ಕಂತೊಂದು ಇದೆ ಎನ್ನಿ. ಉಳಿಯುವುದು 46,000, ಸಿಗುವ ಸಾಲ 53 ಲಕ್ಷ. 14 ಸಾವಿರದ ಕಂತು 16 ಲಕ್ಷದ ಅರ್ಹತೆಯನ್ನು ನುಂಗಿತು. ಆ ಕಾರಿನ ಸಾಲಕ್ಕೆ ಇನ್ನು ಎಂಟೇ ಕಂತು ಬಾಕಿ ಇದ್ದರೆ ಅರ್ಜಿಗೆ ಮೊದಲು ಒಂದು ಲಕ್ಷ ಚಿಲ್ಲರೆ ಕಟ್ಟಿ ಮುಗಿಸಿಬಿಡುವುದೇ ಲಾಭ. ಕೆಲವು ಬ್ಯಾಂಕುಗಳು ಕೊನೆಯ ಕೆಲವೇ ಕಂತು ಉಳಿದ ಸಾಲವನ್ನು ತಾವಾಗಿಯೇ ಲೆಕ್ಕದಿಂದ ಬಿಡುತ್ತವೆ, ಕೇಳಿ ನೋಡಬೇಕು.

ಅವಧಿಯನ್ನು 30 ವರ್ಷ ಮಾಡಿದರೆ ಲಕ್ಷಕ್ಕೆ 769 ರೂ.ಗೆ ಇಳಿಯುತ್ತದೆ, 15 ವರ್ಷವಾದರೆ 985ಕ್ಕೆ ಏರುತ್ತದೆ. ಅರ್ಹತೆ ಹಿಗ್ಗಿಸಲು ಅವಧಿ ಎಳೆಯುವುದು ಎಲ್ಲರೂ ಮಾಡುವ ಉಪಾಯ. ಆದರೆ ನಿವೃತ್ತಿಯ ವಯಸ್ಸು ಅಡ್ಡ ಬರುತ್ತದೆ. 42ರವರಿಗೆ 30 ವರ್ಷದ ಸಾಲ ಸಿಗುವುದು ಕಷ್ಟ.

ಸಂಬಳದ ಚೀಟಿಯಲ್ಲಿ ಕಾಣುವುದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ವರ್ಷಕ್ಕೊಮ್ಮೆಯ ಬೋನಸ್ಸನ್ನು ಕೆಲವರು ಅರ್ಧ ಹಿಡಿಯುತ್ತಾರೆ, ಕೆಲವರು ಹಿಡಿಯುವುದೇ ಇಲ್ಲ. ಸ್ವಂತ ವ್ಯಾಪಾರದವರಿಗೆ ಎರಡು–ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್‌ನ ಸರಾಸರಿಯೇ ಆಧಾರ. ತೆರಿಗೆ ಉಳಿಸಲು ಆದಾಯವನ್ನು ನಾಲ್ಕು ಲಕ್ಷಕ್ಕೆ ಇಳಿಸಿ ತೋರಿಸಿದವರು ಸಾಲಕ್ಕೆ ಬಂದಾಗ ‘ನಿಜವಾಗಿ ಹನ್ನೆರಡು ಲಕ್ಷ ಬರುತ್ತದೆ’ ಎಂದರೆ ಯಾರೂ ಕೇಳುವುದಿಲ್ಲ. ನೀವು ಸಾಲ ತೀರಿಸಿದ ಇತಿಹಾಸಕ್ಕೆ ಸಿಗುವ ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಬಡ್ಡಿಯಲ್ಲೂ ಅನುಕೂಲ. ಅಂಕ ಚೆನ್ನಾಗಿದ್ದೂ ಅರ್ಜಿ ಬೀಳಿಸುವುದು ವರದಿಯೊಳಗಿನ ಎರಡು ಸಂಗತಿ. ಹಿಂದೆಂದೋ ಕ್ರೆಡಿಟ್ ಕಾರ್ಡ್ ಬಾಕಿಯನ್ನು ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡು ‘ಸೆಟಲ್ಡ್’ ಎಂದು ದಾಖಲಾಗಿರುವುದು ಒಂದು. ಭಾವಮೈದುನನ ಸಾಲಕ್ಕೆ ಜಾಮೀನು ಹಾಕಿದ್ದು ಇನ್ನೊಂದು. ಅವನು ಕಂತು ತಪ್ಪಿಸಿದರೆ ಕಲೆ ನಿಮ್ಮ ಹೆಸರಿಗೂ ಅಂಟುತ್ತದೆ.

ಇನ್ನು ಮನೆಯ ಬೆಲೆಯ ಲೆಕ್ಕ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಬೆಲೆಯ ಶೇ 90, 30ರಿಂದ 75 ಲಕ್ಷವಾದರೆ ಶೇ 80, ಅದಕ್ಕೂ ಮೇಲಾದರೆ ಶೇ 75. ಇದು ಬೆಲೆಯ ಹಂತವಲ್ಲ, ಸಾಲದ ಹಂತ. ಅದರಿಂದ ಒಂದು ವಿಚಿತ್ರ ಹುಟ್ಟುತ್ತದೆ. 93.75 ಲಕ್ಷದ ಮನೆಗೆ ಶೇ 80ರಂತೆ 75 ಲಕ್ಷ ಸಾಲ ಬರುತ್ತದೆ. ಒಂದು ಕೋಟಿಯ ಮನೆಗೆ ಶೇ 75ರಂತೆ ಬರುವುದೂ 75 ಲಕ್ಷವೇ! ನಡುವಿನ 6.25 ಲಕ್ಷ ಪೂರ್ತಿ ನಿಮ್ಮ ಜೇಬಿನಿಂದಲೇ. 33.33 ಲಕ್ಷ ಮತ್ತು 37.5 ಲಕ್ಷದ ನಡುವೆಯೂ ಇದೇ ಕಥೆ, ಅಲ್ಲಿ ಸಾಲ 30 ಲಕ್ಷದಲ್ಲೇ ನಿಂತುಬಿಡುತ್ತದೆ. ಇಂಥ ನಡುವಿನ ಬೆಲೆಯ ಮನೆಗೆ ಚೌಕಾಶಿ ಮಾಡುವಾಗ ಇಳಿಸಿದ ಒಂದೊಂದು ರೂಪಾಯಿಯೂ ನೇರ ಮುಂಗಡದಲ್ಲಿ ಉಳಿಯುತ್ತದೆ.

‘ಬೆಲೆ’ ಎಂದರೆ ಕ್ರಯಪತ್ರದ ಮೊತ್ತ ಅಥವಾ ಬ್ಯಾಂಕಿನ ಮೌಲ್ಯಮಾಪಕರು ಹೇಳಿದ್ದು, ಎರಡರಲ್ಲಿ ಕಡಿಮೆಯದು. ಹತ್ತು ಲಕ್ಷ ಮೀರಿದ ಮನೆಗೆ ನೋಂದಣಿ ಖರ್ಚನ್ನು ಈ ಬೆಲೆಗೆ ಸೇರಿಸುವಂತಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದರೆ ಮುದ್ರಾಂಕ ಶುಲ್ಕ ಶೇ 5, ಸೆಸ್ಸು–ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6. ಅಂದರೆ 80 ಲಕ್ಷದ ಫ್ಲ್ಯಾಟಿಗೆ 6.08 ಲಕ್ಷ. ಕಟ್ಟಡ ಇನ್ನೂ ಏಳುತ್ತಿದ್ದರೆ ಮೇಲೆ ಶೇ 5ರ ಜಿಎಸ್‌ಟಿ, ಮತ್ತೆ 4 ಲಕ್ಷ. ಸ್ವಾಧೀನಾನುಭವ ಪತ್ರ (ಓಸಿ) ಬಂದ ಮನೆಗೆ ಜಿಎಸ್‌ಟಿ ಇಲ್ಲ. ಮೇಲಿನ 53 ಲಕ್ಷದ ಸಾಲಗಾರ ಸಿದ್ಧ ಫ್ಲ್ಯಾಟು ಕೊಂಡರೂ 27 ಲಕ್ಷ ಮುಂಗಡ, 6 ಲಕ್ಷ ನೋಂದಣಿ ಸೇರಿ 33 ಲಕ್ಷ ನಗದಾಗಿ ಹೊಂದಿಸಬೇಕು. ಪೀಠೋಪಕರಣ, ಬೀರು, ಅಡುಗೆಮನೆಯ ಕಪಾಟು ಇದರಲ್ಲಿಲ್ಲ.

ಕಾಗದಪತ್ರದಲ್ಲಿ ಬೀಳುವ ಅರ್ಜಿಗಳೂ ಕಡಿಮೆಯೇನಲ್ಲ. ಬಿ ಖಾತಾ (ನಿಯಮದಂತೆ ಪೂರ್ತಿ ಅನುಮೋದನೆ ಇಲ್ಲದ) ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಕೈ ಹಾಕುವುದಿಲ್ಲ. ಕೊಡುವ ಕಡೆ ಬಡ್ಡಿ ಜಾಸ್ತಿ. ಇ-ಖಾತಾ, ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳ ಸರಪಳಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಮಂಜೂರಾದ ನಕ್ಷೆ ಎಲ್ಲವನ್ನೂ ಬ್ಯಾಂಕಿನ ವಕೀಲರು ನೋಡುತ್ತಾರೆ. ಹೆಚ್ಚು ತಡವಾಗುವುದು ಸರಪಳಿಯ ನಡುವಿನ ಒಂದು ಕೊಂಡಿಯಲ್ಲಿ: ಎಂದೋ ಆದ ವಿಭಾಗಪತ್ರಕ್ಕೆ ಮನೆಯ ಹೆಣ್ಣುಮಕ್ಕಳ ಸಹಿ ಇರುವುದಿಲ್ಲ. ಆದ್ದರಿಂದ ಬಿಲ್ಡರಿಗೆ ಟೋಕನ್ ಹಣ ಕೊಡುವ ಮೊದಲೇ ಕಾಗದ ತೋರಿಸಿ. ಸಾಲ ಮಂಜೂರಾಗದಿದ್ದರೆ ಟೋಕನ್ ವಾಪಸು ಎಂಬ ಸಾಲೊಂದನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು.

ಅಲ್ಲಿಯ ಅಳತೆಗೋಲೇ ಬೇರೆ

ಅಮೆರಿಕದಲ್ಲಿ ಸಾಲ ಕೊಡುವವರು ಹಿಡಿಯುವುದು ತೆರಿಗೆ ಕಳೆಯುವ ಮುಂಚಿನ ಸಂಬಳ. ಅದರ ಶೇ 43 ಎಂಬುದು ಬಹುಕಾಲದ ಗೆರೆ, ಕೆಲವು ಸಾಲಗಳಲ್ಲಿ ಶೇ 50ರವರೆಗೂ ಹೋಗುತ್ತದೆ. ಬೆಂಗಳೂರಿನ ಶೇ 50 ಮತ್ತು ಅಲ್ಲಿನ ಶೇ 43 ಅಕ್ಕಪಕ್ಕ ಇಟ್ಟು ‘ಅವರೇ ಬಿಗಿ’ ಎನ್ನುವಂತಿಲ್ಲ. ನಾವು ಕೈಗೆ ಬಂದದ್ದನ್ನು ಹಿಡಿದರೆ ಅವರು ಕೈಗೆ ಬರದ್ದನ್ನೂ ಸೇರಿಸುತ್ತಾರೆ. ಆದರೆ ಅವರು ‘ಕಂತು’ ಎನ್ನುವಾಗ ಅಸಲು, ಬಡ್ಡಿಯ ಜೊತೆ ಆಸ್ತಿ ತೆರಿಗೆ ಮತ್ತು ಮನೆ ವಿಮೆಯನ್ನೂ ಕೂಡಿಸುತ್ತಾರೆ. ಮುಂಗಡ ಶೇ 20ಕ್ಕಿಂತ ಕಡಿಮೆಯಿದ್ದರೆ ಸಾಲ ಕೊಟ್ಟವರ ರಕ್ಷಣೆಗೆ ಇನ್ನೊಂದು ವಿಮೆ, ಅದರ ಕಂತೂ ನಿಮ್ಮದೇ. ಬಾಕಿ ಮೂಲ ಬೆಲೆಯ ಶೇ 80ಕ್ಕೆ ಇಳಿದಾಗ ಅದನ್ನು ತೆಗೆಯಿರೆಂದು ಕೇಳಬಹುದು. ಕಂತು ಸರಿಯಾಗಿ ಕಟ್ಟುತ್ತಿದ್ದರೆ ಶೇ 78ಕ್ಕೆ ಅದಾಗಿಯೇ ನಿಲ್ಲಬೇಕೆಂದು 1998ರ ಕಾನೂನು ಹೇಳುತ್ತದೆ. ಕೇಳದೇ ಕಟ್ಟುತ್ತಲೇ ಇರುವವರು ಬೇಕಾದಷ್ಟು ಮಂದಿ.

ಡಲ್ಲಾಸಿನ ಕಡೆ 5 ಲಕ್ಷ ಡಾಲರಿನ ಮನೆ, ಶೇ 10 ಮುಂಗಡ, ಶೇ 6.5ಕ್ಕೆ 30 ವರ್ಷದ ಸಾಲ ಎಂದಿಟ್ಟುಕೊಳ್ಳಿ. ಅಸಲು–ಬಡ್ಡಿ 2,844 ಡಾಲರ್. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆಸ್ತಿ ತೆರಿಗೆ ಜೋರು, ಶೇ 1.8 ಹಿಡಿದರೂ ತಿಂಗಳಿಗೆ 750. ಮನೆ ವಿಮೆಗೆ 300, ಸಾಲದ ವಿಮೆಗೆ 187. ಒಟ್ಟು 4,081. ಇದರ ಮೇಲೆ 500ರ ಕಾರಿನ ಕಂತಿದ್ದರೆ ಶೇ 43ರ ಗೆರೆಯೊಳಗೆ ಬರಲು ವರ್ಷಕ್ಕೆ ಸುಮಾರು 1,28,000 ಡಾಲರ್ ಸಂಬಳ ಬೇಕು. 2,844 ನೋಡಿ ಮನೆ ಆರಿಸಿದವರು 4,081 ಕಟ್ಟಬೇಕಾಗುತ್ತದೆ.

ಅವರಿಗಿರುವ ದೊಡ್ಡ ಅನುಕೂಲವೆಂದರೆ 30 ವರ್ಷವೂ ಬದಲಾಗದ ಬಡ್ಡಿ. ನಮ್ಮಲ್ಲಿ 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಚರ ಬಡ್ಡಿ ಸಾಲಗಳು ರೆಪೊದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಕಟ್ಟಿಕೊಂಡಿವೆ, ಮೂರು ತಿಂಗಳಿಗೊಮ್ಮೆಯಾದರೂ ಬದಲಾಗುತ್ತವೆ. ಆರಂಭದಲ್ಲೇ ಶೇ 8.5 ಇದ್ದದ್ದು 9.5 ಆಗಿ, ಕಂತನ್ನು ಹಾಗೆಯೇ ಬಿಟ್ಟರೆ 20 ವರ್ಷದ ಸಾಲ 25 ವರ್ಷ 9 ತಿಂಗಳಿಗೆ ಎಳೆಯುತ್ತದೆ. ಕಂತು ಹೆಚ್ಚಿಸಬೇಕೋ, ಅವಧಿ ಎಳೆಯಬೇಕೋ ಎಂದು ಬ್ಯಾಂಕು ನಿಮ್ಮನ್ನು ಕೇಳಲೇಬೇಕೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಬಂದ ಸಂದೇಶಕ್ಕೆ ಉತ್ತರ ಕೊಡದೆ ಬಿಟ್ಟವರ ಸಾಲದಲ್ಲಿ ಹೆಚ್ಚಾಗಿ ಅವಧಿಯೇ ಉದ್ದವಾಗಿರುತ್ತದೆ. ನಮ್ಮ ಪಾಲಿನ ಅನುಕೂಲವೂ ಒಂದಿದೆ: ವ್ಯಕ್ತಿಗಳ ಚರ ಬಡ್ಡಿಯ ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ದಂಡವಿಲ್ಲ.

ಉಳಿದ ದೇಶಗಳಲ್ಲಿ ಒಂದೊಂದು ಕಡೆ ಒಂದೊಂದು ಪೇಚು. ಕೆನಡಾದಲ್ಲಿ ನಿಮ್ಮ ಬಡ್ಡಿಗೆ ಶೇ 2 ಕೂಡಿಸಿ, ಅಥವಾ ಶೇ 5.25 ಹಿಡಿದು, ಎರಡರಲ್ಲಿ ಹೆಚ್ಚಿನದಕ್ಕೆ ಕಂತು ಕಟ್ಟಬಲ್ಲಿರಾ ಎಂದು ಪರೀಕ್ಷಿಸುತ್ತಾರೆ. ಬಡ್ಡಿ ಸಾಮಾನ್ಯವಾಗಿ ಐದು ವರ್ಷಕ್ಕೆ ಮಾತ್ರ ಗಟ್ಟಿ. ಬ್ರಿಟನ್ನಿನಲ್ಲಿ ವಾರ್ಷಿಕ ಆದಾಯದ ನಾಲ್ಕೂವರೆ ಪಟ್ಟು ಎಂಬುದು ಬಹುಪಾಲು ಸಾಲಗಳ ಗಡಿ. ಯುಎಇಯಲ್ಲಿ ಹೊರದೇಶದವರಿಗೆ 50 ಲಕ್ಷ ದಿರ್ಹಮ್ ಒಳಗಿನ ಮೊದಲ ಮನೆಗೆ ಶೇ 80ರವರೆಗೆ ಸಾಲ, ಗರಿಷ್ಠ 25 ವರ್ಷ; ದುಬೈಯ ಭೂ ಇಲಾಖೆಯ ಶೇ 4 ಶುಲ್ಕ ಬೇರೆ. ಸಿಂಗಪುರದಲ್ಲಿ 2023ರ ಏಪ್ರಿಲ್‌ನಿಂದ ವಿದೇಶಿಯರಿಗೆ ಶೇ 60 ಹೆಚ್ಚುವರಿ ಮುದ್ರಾಂಕ ಶುಲ್ಕ. ಅಲ್ಲಿ ಸಾಲದ ಅರ್ಹತೆಯ ಮಾತು ಆಮೇಲಿನದು.

ಹೋಲಿಸುವುದಾದರೆ

ಡಾಲರನ್ನು ರೂಪಾಯಿಗೆ ತಿರುಗಿಸಿ ಎರಡು ಮನೆಗಳ ಬೆಲೆ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಚದರಡಿಯೂ ಒಂದೇ ಅಲ್ಲ: ನಮ್ಮ 1,200 ಚದರಡಿಯ ಸೂಪರ್ ಬಿಲ್ಟ್‌ಅಪ್‌ನಲ್ಲಿ ಮೆಟ್ಟಿಲು, ಲಿಫ್ಟು, ಲಾಬಿಯ ಪಾಲೂ ಸೇರಿರುತ್ತದೆ, ಒಳಗಿನ ಕಾರ್ಪೆಟ್ ಜಾಗ 850 ಇದ್ದರೆ ಆಶ್ಚರ್ಯವಿಲ್ಲ. ಅಮೆರಿಕದ ಒಂಟಿ ಮನೆಯ ಅಳತೆಯಲ್ಲಿ ಹೊರಗೋಡೆಯವರೆಗಿನ ವಾಸದ ಜಾಗ ಬರುತ್ತದೆ, ಗ್ಯಾರೇಜು ಬರುವುದಿಲ್ಲ. ಹೋಲಿಸಬೇಕಾದದ್ದು ಕೈಬಿಟ್ಟು ಮರಳಿ ಬಾರದ ಹಣವನ್ನು. ಅಸಲು ನಿಮ್ಮದೇ ಆಸ್ತಿಯಾಗುತ್ತದೆ, ಅದನ್ನು ಬಿಡಿ. ಬಡ್ಡಿ, ತೆರಿಗೆ, ವಿಮೆ, ನಿರ್ವಹಣೆ ಮತ್ತು ಮುಂಗಡಕ್ಕೆ ಹಾಕಿದ ದುಡ್ಡು ಬೇರೆಡೆ ಗಳಿಸುತ್ತಿದ್ದ ಬಡ್ಡಿ, ಇಷ್ಟನ್ನು ಕೂಡಿ, ಅಂಥದೇ ಮನೆಯ ಬಾಡಿಗೆಯ ಪಕ್ಕದಲ್ಲಿಡಿ.

ನಮ್ಮ 80 ಲಕ್ಷದ ಫ್ಲ್ಯಾಟಿನಲ್ಲಿ ಮೊದಲ ವರ್ಷದ ಬಡ್ಡಿ 4.46 ಲಕ್ಷ. 1,200 ಚದರಡಿಗೆ, ಅಡಿಗೆ ತಿಂಗಳಿಗೆ 4 ರೂ.ನಂತೆ ನಿರ್ವಹಣೆಯಾದರೆ ವರ್ಷಕ್ಕೆ 58 ಸಾವಿರ. ಆಸ್ತಿ ತೆರಿಗೆ 12 ಸಾವಿರ ಎನ್ನಿ. 33 ಲಕ್ಷ ನಗದು ಶೇ 6.5ರ ಠೇವಣಿಯಲ್ಲಿದ್ದರೆ ಬರುತ್ತಿದ್ದದ್ದು 2.15 ಲಕ್ಷ. ಒಟ್ಟು 7.31 ಲಕ್ಷ, ತಿಂಗಳಿಗೆ 61,000. ಅದೇ ಫ್ಲ್ಯಾಟು ನಿರ್ವಹಣೆ ಸೇರಿ 30,000ಕ್ಕೆ ಬಾಡಿಗೆಗೆ ಸಿಗುವುದಾದರೆ ವರ್ಷದ ಅಂತರ 3.7 ಲಕ್ಷ. ಫ್ಲ್ಯಾಟಿನ ಬೆಲೆ ವರ್ಷಕ್ಕೆ ಸುಮಾರು ಶೇ 4.6 ಏರಿದರೆ ಮಾತ್ರ ಅಂತರ ಮುಚ್ಚುತ್ತದೆ. ಡಲ್ಲಾಸಿನ ಮನೆಗೆ ಬಡ್ಡಿ, ತೆರಿಗೆ, ಎರಡೂ ವಿಮೆ, ಬೆಲೆಯ ಶೇ 1 ರಿಪೇರಿ, ಮುಂಗಡ ಮತ್ತು ಖರೀದಿ ವೆಚ್ಚದ 65,000 ಡಾಲರಿಗೆ ಶೇ 4 ಬಡ್ಡಿ ಹಿಡಿದರೆ ತಿಂಗಳಿಗೆ ಸುಮಾರು 4,300. ಬಾಡಿಗೆ 2,900 ಎಂದಾದರೆ ಬೇಕಾದ ಏರಿಕೆ ಶೇ 3.4. ಅಂತರ ಅಲ್ಲಿ ಕಡಿಮೆ ಕಾಣುತ್ತದೆ, ನಿಜ. ಆದರೆ ಮಾರುವಾಗ ದಲ್ಲಾಳಿ ಕಮಿಷನ್ ಸೇರಿ ಶೇ 5–6 ಹೋಗುವುದು ಅಲ್ಲಿ ಸಾಮಾನ್ಯ. ಮೂರೇ ವರ್ಷದಲ್ಲಿ ಊರು ಬಿಡುವವರಿಗೆ ಆ ಅನುಕೂಲ ಉಳಿಯುವುದಿಲ್ಲ. ನಿಮ್ಮ ಬಡಾವಣೆಯ ನಿಜವಾದ ಬಾಡಿಗೆ, ನಿಮ್ಮ ಬಡ್ಡಿ ಹಾಕಿ ಈ ಲೆಕ್ಕವನ್ನು ಮತ್ತೆ ಮಾಡಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿಯಿಂದ ಉಳಿಯುವ ತೆರಿಗೆಯನ್ನೂ ಕಳೆಯಬಹುದು, ಹೊಸ ಪದ್ಧತಿಯಲ್ಲಿ ಅದಿಲ್ಲ.

ಎರಡೂ ಕಡೆ ಕಾಲಿಟ್ಟವರಿಗೆ

ಸಿಬಿಲ್ ಅಂಕ ವಿಮಾನ ಹತ್ತುವುದಿಲ್ಲ. ಹೊಸ ದೇಶದಲ್ಲಿ ಸಾಲದ ಇತಿಹಾಸ ಸೊನ್ನೆಯಿಂದ ಶುರು. ಎಚ್-1ಬಿ ವೀಸಾದವರು ಗಮನಿಸಬೇಕಾದದ್ದು: ಕಡಿಮೆ ಮುಂಗಡದ, ಅಮೆರಿಕ ಸರ್ಕಾರದ ವಿಮೆಯಿರುವ ಎಫ್‌ಎಚ್‌ಎ ಸಾಲ 2025ರ ಮೇ 25ರಿಂದ ಖಾಯಂ ನಿವಾಸಿಗಳಲ್ಲದವರಿಗೆ ಮುಚ್ಚಿದೆ, ಉಳಿದ ಸಾಮಾನ್ಯ ಸಾಲಗಳ ದಾರಿ ತೆರೆದಿದೆ. ಊರಿನಿಂದ ಅಪ್ಪ ಮುಂಗಡಕ್ಕೆ ಹಣ ಕಳುಹಿಸುವುದಾದರೆ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ, 10 ಲಕ್ಷ ರೂ. ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20 ತೆರಿಗೆ ಮೊದಲೇ ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದು ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ. ಅಲ್ಲಿನ ಸಾಲ ಕೊಡುವವರು ‘ಇದು ಉಡುಗೊರೆ, ಮರಳಿಸಬೇಕಿಲ್ಲ’ ಎಂಬ ಪತ್ರ ಕೇಳುತ್ತಾರೆ. ಸಾಮಾನ್ಯವಾಗಿ ಎರಡು ತಿಂಗಳ ಬ್ಯಾಂಕ್ ವಿವರದಲ್ಲಿ ದೊಡ್ಡ ಜಮೆ ಕಂಡರೆ ಮೂಲವನ್ನೂ ಕೇಳುತ್ತಾರೆ.

ಕೊನೆಗೆ, ಮೈಸೂರಿನಲ್ಲೊಂದು ಸೈಟಿಗೆ ತೆಗೆದ ಸಾಲ ಅಮೆರಿಕದ ಕ್ರೆಡಿಟ್ ವರದಿಯಲ್ಲಿ ಕಾಣುವುದಿಲ್ಲ ಎಂದು ಅರ್ಜಿಯಲ್ಲಿ ಬಿಡುವವರಿದ್ದಾರೆ. ಅರ್ಜಿ ಕೇಳುವುದು ಎಲ್ಲ ಸಾಲಗಳನ್ನು, ಅಲ್ಲಿನದನ್ನು ಮಾತ್ರವಲ್ಲ. ಪ್ರತಿ ತಿಂಗಳು 5ನೇ ತಾರೀಖಿನಂದು ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಗೆ ಹೋಗುವ ಒಂದೇ ಮೊತ್ತವನ್ನು ಅಲ್ಲಿನ ಸಾಲದ ಪರಿಶೀಲಕರು ಬ್ಯಾಂಕ್ ವಿವರದಲ್ಲಿ ನೋಡಿಯೇ ನೋಡುತ್ತಾರೆ. ಕಡೆಯ ವಾರದಲ್ಲಿ ಆ ಕಂತು ಲೆಕ್ಕಕ್ಕೆ ಸೇರಿ ಮಂಜೂರಾತಿ ತಪ್ಪಿದರೆ ಮನೆಗೆ ಕೊಟ್ಟ ಮುಂಗಡವೂ ಅಪಾಯಕ್ಕೆ ಬೀಳುತ್ತದೆ. ಊರಿನ ಬ್ಯಾಂಕಿನಿಂದ ಬಾಕಿಯ ಪತ್ರ ತರಿಸಿ, ಅದನ್ನು ಅರ್ಜಿಯ ಜೊತೆಗೇ ಕೊಡಿ.