ತಂಗಡಿ ಬಾಡಿಲ್ಲ, ಮಲಗಿದೆ

ಸಂಜೆ ಏಳಾದರೆ ಸಾಕು, ನನ್ನ ವಾಟ್ಸಾಪ್‌ಗೆ ಫೋಟೊ ಬರಲು ಶುರು. 'ಸಾರ್, ತಂಗಡಿ ಬಾಡಿಹೋಗಿದೆ, ಒಂದು ಬಕೆಟ್ ನೀರು ಹಾಕಿದೆ.' ಅಯ್ಯೋ, ಅದು ಬಾಡಿಲ್ಲ ಸ್ವಾಮಿ. ಮಲಗಿದೆ.

ತಂಗಡಿ, ಅಂದರೆ ಆವರಿಕೆ, ಹುಣಸೆಯ ಬಳಗದ ಗಿಡ. ಕತ್ತಲಾಗುತ್ತಿದ್ದಂತೆ ಕಡ್ಡಿಯ ಎರಡೂ ಬದಿಯ ಚಿಕ್ಕ ಎಲೆಗಳು ಜೋಡಿ ಜೋಡಿಯಾಗಿ ಮುಚ್ಚಿಕೊಳ್ಳುತ್ತವೆ, ಬೆಳಕಾದರೆ ತಾವೇ ಬಿಚ್ಚಿಕೊಳ್ಳುತ್ತವೆ. ಎಡವಟ್ಟಾಗುವುದು ಇಲ್ಲೇ. ರಾತ್ರಿ ಬಕೆಟ್ ಸುರಿದವರು ಬೆಳಿಗ್ಗೆ ಎದ್ದು ನೋಡಿದರೆ ಗಿಡ ಗೆಲುವಾಗಿರುತ್ತದೆ, ನೀರು ಕುಡಿದು ಚೇತರಿಸಿಕೊಂಡಿತು ಅಂತ ನಂಬಿ ಸಂಜೆ ಮತ್ತೆ ಸುರಿಯುತ್ತಾರೆ.

ಬೆಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಮೂರು ವಾರ ಹೀಗೇ ಮಾಡಿದರು. ಹೋಗಿ ಕಿತ್ತು ನೋಡಿದೆ. ಬೇರಿನ ಸಿಪ್ಪೆ ಬೆರಳಿಗೇ ಜಾರಿ ಬಂತು, ಒಳಗೆ ಕಪ್ಪು, ಕೊಳೆತ ವಾಸನೆ. 'ಒಂದು ದಿನಾನೂ ತಪ್ಪಿಸಿಲ್ಲ' ಅಂದರು ಪಾಪ. ಬೈಯೋಕೆ ಮನಸ್ಸು ಬರಲಿಲ್ಲ.

ನಿಜವಾಗಿ ಬಾಯಾರಿದೆಯಾ ಅಂತ ನೋಡಬೇಕಾದರೆ ಬೆಳಿಗ್ಗೆ ಎಂಟಕ್ಕೆ ನೋಡಿ. ಆಗ ಎಲೆ ಬಿಚ್ಚಿದ್ದರೆ ಸುಮ್ನೆ ಬಿಡಿ. ಆಗಲೂ ಜೋತುಬಿದ್ದಿದ್ದರೆ ಮಣ್ಣಿಗೆ ಬೆರಳು ಇಳಿಸಿ. ಒಣಗಿದ್ದರೆ ನೀರು ಕೊಡಿ. ತೇವ ಇದ್ದೂ ಜೋತುಬಿದ್ದಿದೆ ಅಂದರೆ ಬೇರಿಗೆ ಗಾಳಿ ಸಿಗುತ್ತಿಲ್ಲ, ಇನ್ನೊಂದು ಚೊಂಬು ಹಾಕಿದರೆ ಕಥೆ ಮುಗಿಯಿತು. ಮೊದಲ ಬೇಸಿಗೆಯಲ್ಲಿ ಎಳೆ ಗಿಡಕ್ಕೆ ವಾರಕ್ಕೊಮ್ಮೆ ಬೇಕಾಗಬಹುದು. ಮರಳು ಮಣ್ಣಾದರೆ ಸ್ವಲ್ಪ ಜಾಸ್ತಿ, ಎರೆ ಮಣ್ಣಾದರೆ ಕಮ್ಮಿ, ಫೋನಿನಲ್ಲೇ ಲೆಕ್ಕ ಹೇಳಲಾರೆ.

ರಸ್ತೆ ಬದಿಯ ಗಿಡ ಕಿತ್ತು ತರಬೇಡಿ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ಅರ್ಧಕ್ಕೆ ಕಡಿದರೆ ಬದುಕುವುದು ಅಪರೂಪ. ಬೀಜದ ಸಿಪ್ಪೆ ಗಟ್ಟಿ. ಉಪ್ಪುಕಾಗದಕ್ಕೆ ನಾಲ್ಕು ಸಲ ಉಜ್ಜಿ, ಒಂದು ರಾತ್ರಿ ನೆನೆಸಿ ನೆಲಕ್ಕೇ ಬಿತ್ತಿ. ಹೂ ಬರುವುದು ಕೊಂಬೆಯ ತುದಿಯಲ್ಲಿ, ಹಾಗಾಗಿ ಕಾಯಿ ಒಣಗಿದ ಮೇಲೆ ತುದಿ ಕತ್ತರಿಸಿ. ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ, ಅದೇ ಆಮೇಲೆ ಚಿಟ್ಟೆ ಆಗೋದು. ಹೂವಿನ ಕಷಾಯದಿಂದ ಸಕ್ಕರೆ ಕಾಯಿಲೆ ಇಳಿಯುತ್ತಾ ಅಂತ ಮಾತ್ರ ನನ್ನನ್ನು ಕೇಳಬೇಡಿ, ಡಾಕ್ಟರನ್ನು ಕೇಳಿ.

ಮೇಷ್ಟ್ರಿಗೆ ಈ ಸಲ ಸಸಿ ಕೊಡಲಿಲ್ಲ, ಬೀಜ ಕೊಟ್ಟೆ. ಗೇಟಿನ ಪಕ್ಕ ಬಿತ್ತಿ ಅಂದೆ. ನಲ್ಲಿಯ ಪೈಪು ಅಲ್ಲಿಗೆ ಎಟುಕಲ್ಲ, ಮೊದಲೇ ನೋಡಿಕೊಂಡಿದ್ದೆ.